ಸುಳ್ಳು ಬಾರದ ಕಳ್ಳಿ

ದಾಳದಲ್ಲೇ ಏನೋ ಮೋಸವಿದೆ ಎಂದು ಮುನಿಸ್ವಾಮಪ್ಪನಿಗೆ ಗುಮಾನಿ. ಇಪ್ಪತ್ತು ಮುಖದ ಆ ಕೆಂಪು ದಾಳವನ್ನು ಅಂಗೈಯಲ್ಲಿ ತೂಗಿದ. ಕಿಟಕಿಯ ಬೆಳಕಿಗೆ ಹಿಡಿದ. ಹಲ್ಲಿನಿಂದ ಕಚ್ಚಿಯೂ ನೋಡಿದ. ಏನೂ ಸಿಗಲಿಲ್ಲ. ಆದರೂ ಮೂವರು ಕೈಲಾಗದ ಕಳ್ಳರು ಅವನ ಕೋಟೆಯನ್ನು ದೋಚಿಕೊಂಡು ಹೋಗಿದ್ದರು.

ಆಟ ತಂದವನು ಪಕ್ಕದ ಮನೆಯ ಪೆರುಮಾಳ್, ಮಾರಿಕುಪ್ಪಂ ರೈಲಿನ ಟಿಕೆಟ್ ಕಲೆಕ್ಟರ್. ಆಸ್ಟ್ರೇಲಿಯಾಕ್ಕೆ ಹೊರಟ ಆಂಗ್ಲೋ-ಇಂಡಿಯನ್ ಗೆಳೆಯನೊಬ್ಬ ಬಿಟ್ಟುಹೋದ ಪೆಟ್ಟಿಗೆ ಅದು. ಒಬ್ಬರು ಕೋಟೆ ಕಾಯಬೇಕು. ಉಳಿದವರು ಒಂದೊಂದು ವೇಷ ತೊಟ್ಟಂತೆ ಮಾತಾಡುತ್ತ ಒಳಗೆ ನುಗ್ಗಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ, ದಾಳ ಹೇಳುತ್ತದೆ. ಪ್ರತಿ ವೇಷಕ್ಕೂ ಒಂದು ಊನ ಇರಲೇಬೇಕು. ಅದನ್ನೂ ದಾಳವೇ ಕೊಡುತ್ತದೆ.

ಪೆರುಮಾಳನಿಗೆ ಬಂದದ್ದು ಕಣ್ಣು ಮಂಜಾದ ಬಿಲ್ಲುಗಾರ. ಮುನಿಸ್ವಾಮಪ್ಪನ ಮಗ ಸೀನಪ್ಪನಿಗೆ ಇಲಿ ಕಂಡರೆ ಓಡುವ ದೈತ್ಯ. ಸೊಸೆ ಗಂಗರತ್ನಮ್ಮ ಕಳ್ಳಿಯ ವೇಷ ಆರಿಸಿಕೊಂಡಳು. ಅವಳೆಸೆದ ದಾಳ ಮಂಚದ ಕೆಳಕ್ಕೆ ಉರುಳಿತು. ಬಗ್ಗಿ ನೋಡಿದವಳು ಅವಳೊಬ್ಬಳೇ.

"ನನ್ನ ಕಳ್ಳಿಗೆ ಸುಳ್ಳು ಏಳಕ್ಕೇ ಬರಲ್ವಂತೆ," ಎಂದಳು.

ಎಲ್ಲರೂ ನಕ್ಕರು. ಕ್ಯಾಸಂಬಳ್ಳಿಯ ಸುಬ್ಬರಾಯಪ್ಪ ಧಾರೆಯೆರೆದು ಕೊಟ್ಟ ಈ ಸೊಸೆ ಮದುವೆಯಾಗಿ ಎರಡು ವರ್ಷವಾದರೂ ಮಾತಾಡುವುದೇ ಕಡಿಮೆ. ಆಟಕ್ಕೆ ಕೂತರೆ ಮಾತ್ರ ಬೇರೆಯೇ ಹೆಂಗಸು.

"ಕೋಟೆ ಮಾವನೇ ಕಾಯಲಿ," ಎಂದವಳೂ ಅವಳೇ. "ಚಿನ್ನದ ಗಣಿ ಗೇಟಲ್ಲಿ ಜನ್ಮ ಸವೆಸವ್ರೆ. ಅವರಿಗಿಂತ ಕಾವಲು ಬಲ್ಲೋರು ಈ ಬಂಗಾರಪೇಟೇಲಿ ಯಾರವ್ರೆ?"

ಮುನಿಸ್ವಾಮಪ್ಪ ಮೀಸೆ ತಿರುವಿ ಕೂತ. ಕೂತದ್ದೇ ಬಂತು.

ಬಿಲ್ಲುಗಾರ ಕಾವಲಿನವನಿಗೆ ಗುರಿಯಿಟ್ಟ. ಬಾಣ ಹೋಗಿ ಊಟದ ಗಂಟೆಗೆ ಬಡಿಯಿತು. ಕಾವಲಿನವರೆಲ್ಲ ತಟ್ಟೆ ಹಿಡಿದು ಅಡುಗೆಮನೆಗೆ ನಡೆದರು. ದೈತ್ಯ ಇಲಿ ಕಂಡು ಅರಚಿ ಓಡಿದ ಭರಕ್ಕೆ ಕೋಟೆಯ ಬಾಗಿಲೇ ಕಿತ್ತುಬಂತು. ಒಳಗಿದ್ದ ಕೊನೆಯ ಕಾವಲಿನವನು "ಯಾರೇ ನೀನು?" ಎಂದರೆ, ಕಳ್ಳಿ "ಕಳ್ಳಿ ಕಣಣ್ಣ, ನಿಧಿ ಕದಿಯಕ್ಕೆ ಬಂದಿವ್ನಿ" ಎಂದಳು. ದಾಳ ಇಪ್ಪತ್ತು ತೋರಿಸಿತು. ಕಾವಲಿನವನು ಹೊಟ್ಟೆ ಹಿಡಿದು ನಕ್ಕು ದಾರಿ ಬಿಟ್ಟ.

ಸೀನಪ್ಪ ಚಾಪೆಯ ಮೇಲೆ ಹೊರಳಾಡಿ ನಕ್ಕ. ಪೆರುಮಾಳ್ ಅಷ್ಟಕ್ಕೇ ಬಿಡಲಿಲ್ಲ, ಸ್ಟೇಷನ್ನಿನ ಟೀ ಅಂಗಡಿಯಲ್ಲೂ ಕಥೆ ಹೇಳಿದ. ಮಾರನೆಯ ದಿನ ಕ್ಷೌರದವನು ಕೆನ್ನೆಗೆ ಸೋಪು ಹಚ್ಚುತ್ತ, "ಏನ್ ಮುನಿಸ್ವಾಮಪ್ನೋರೇ, ಇಲಿ ಬಂದು ಕೋಟೆ ಒಡೀತಂತೆ?" ಎಂದ.

ಮುನಿಸ್ವಾಮಪ್ಪನಿಗೆ ಮೈಯೆಲ್ಲ ಉರಿಯಿತು. ಗಣಿಯಿಂದ ಮೇಲೆ ಬಂದ ಗಂಡಸರನ್ನು ಲಂಗೋಟಿಯಲ್ಲಿ ನಿಲ್ಲಿಸಿ, ಮೈಯೆಲ್ಲ ತಡವಿ ಜಡ್ತಿ ಮಾಡಿದ ಕೈ ಅವನದು. ಅವನ ಬೂಟಿನ ಸದ್ದಿಗೆ ಸಾಲು ನೆಟ್ಟಗಾಗುತ್ತಿತ್ತು. ಅಂಥವನು ಈಗ ಊರಿನ ಬಾಯಿಗೆ ಎಲೆಯಡಿಕೆ. ವಾರವಿಡೀ ಹಲ್ಲು ಕಡಿದ. ಮೂವರನ್ನೂ ಮಣ್ಣು ಮುಕ್ಕಿಸಬೇಕು. ಅದರಲ್ಲೂ ಆ ಕಳ್ಳಿಯನ್ನು.

ಭಾನುವಾರ ಮತ್ತೆ ಕೂತರು. ಈ ಸಲ ಮುನಿಸ್ವಾಮಪ್ಪ ಊಟದ ಗಂಟೆ ಕಳಚಿಟ್ಟಿದ್ದ. ಕೋಟೆ ತುಂಬ ಬೆಕ್ಕು ಸಾಕಿದ್ದ. ಬಿಲ್ಲುಗಾರ ಕಂದಕಕ್ಕೆ ಬಿದ್ದ. ಇಲಿಯೇ ಇಲ್ಲದೆ ದೈತ್ಯ ಓಡಲಿಲ್ಲ, ನಿಂತಲ್ಲೇ ಸಿಕ್ಕಿಬಿದ್ದ. ಉಳಿದವಳು ಕಳ್ಳಿ. ನಿಧಿಯ ಕೋಣೆ ಸಿಗದೆ ಬರಿಗೈಯಲ್ಲಿ ಹೊರಬಾಗಿಲಿಗೆ ಬಂದಳು.

"ಕೈ ಎತ್ತು. ಜಡ್ತಿ ಆಗ್ಬೇಕು. ಏನ್ ಕದ್ದೆ?"

"ಏನೂ ಕದ್ದಿಲ್ಲ ಸಾಮಿ. ನನಗೆ ಸುಳ್ಳು ಬರಲ್ಲ, ನಿಮಗೇ ಗೊತ್ತಲ್ಲ."

"ಬಿಟ್ಬಿಡ್ಬೇಕಣ್ಣ," ಎಂದ ಪೆರುಮಾಳ್. "ಅವಳ ಮಾತು ನಿಜ ಅಂತ ಆಟದಲ್ಲೇ ಐತೆ."

"ಬಿಡ್ತೀನಾ?" ಮುನಿಸ್ವಾಮಪ್ಪನ ಮುಖ ಅರಳಿತು. "ಚಿನ್ನದ ಕಲ್ಲಿನ ಚೂರೊಂದನ್ನ ಅವಳ ಬುತ್ತಿಯೊಳಕ್ಕೆ ನಾನೇ ಸೇರಿಸ್ತೀನಿ. ಆಮೇಲೆ ಎಲ್ಲರ ಮುಂದೆ ಬುತ್ತಿ ಬಿಚ್ಚಿಸ್ತೀನಿ." ದಾಳ ಎಸೆದ. ಹತ್ತೊಂಬತ್ತು.

ಗಂಗರತ್ನಮ್ಮ ತಲೆಯಾಡಿಸಿದಳು. "ಅಂಗೆಲ್ಲಾ ಯಾವ ಕಾವಲಿನೋರು ಮಾಡ್ತಾರೆ ಮಾವ? ಇದು ಕಟ್ಟುಕತೆ. ನಾನೊಪ್ಪಲ್ಲ."

ಗೆದ್ದ ಆಟ ಕೈಜಾರುವುದನ್ನು ಮುನಿಸ್ವಾಮಪ್ಪನಿಂದ ತಾಳಲಾಗಲಿಲ್ಲ.

"ಕಟ್ಟುಕತೆನಾ? ನಾನೇ ಮಾಡಿವ್ನಿ ಕಣಮ್ಮ! ಒಬ್ಬನಿದ್ದ, ಬಲೇ ಸತ್ಯವಂತ. ನಾನು ಆಳುಗಳಿಗೆ ಒಡೀತೀನಿ ಅಂತ ನನ್ನ ಮೇಲೇ ದೂರು ಕೊಟ್ಟ. ವಾರ ತುಂಬೋದ್ರೊಳಗೆ ಅವನ ಬುತ್ತಿ ಮುದ್ದೇಲಿ ಕಲ್ಲಿನ ಚೂರು ಸಿಕ್ತು. ಕದ್ದಿಲ್ಲ, ಕದ್ದಿಲ್ಲ ಅಂತ ಬಾಯಿ ಬಾಯಿ ಬಡ್ಕೊಂಡ. ಮುದ್ದೆ ಮುರಿದು ತೋರಿಸಿದ್ಮೇಲೆ ಸತ್ಯ ಯಾರಿಗೆ ಬೇಕು? ಜೈಲಲ್ಲೇ ಸತ್ತ."

ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಬೇರೆ ಯಾರೂ ನಗುತ್ತಿಲ್ಲವೆಂದು ತಿಳಿಯಲು ತುಸು ಹೊತ್ತು ಹಿಡಿಯಿತು. ಪೆರುಮಾಳ್ ಎದ್ದು ಚಪ್ಪಲಿ ಹುಡುಕುತ್ತಿದ್ದ.

"ಅವನ ಹೆಸರೇನಪ್ಪ?" ಕೇಳಿದ ಸೀನಪ್ಪ.

"ಆಂಜನಪ್ಪ. ಯಾಕ್ಲಾ?"

ಸೀನಪ್ಪ ಅಪ್ಪನತ್ತ ನೋಡಲಿಲ್ಲ. ಹೆಂಡತಿಯತ್ತ ತಿರುಗಿದ. "ನೀನು ಏಳ್ದಾಗ ನಂಬಲಿಲ್ಲ ಕಣೇ. ನಮ್ಮಪ್ಪ ಅಂಥೋನಲ್ಲ ಅಂತ ನಿನಗೇ ಬೈದೆ. ಟ್ರಂಕು ಕಟ್ಟು, ಈ ಮನೇಲಿ ಇನ್ನು ನೀರೂ ಬೇಡ."

"ಇವಳೇನು ಏಳಿದ್ಲು? ಸುಬ್ಬರಾಯಪ್ಪನ ಮಗಳಿಗೂ ಗಣಿ ಗೇಟಿಗೂ ಏನ್ಲಾ ಸಂಬಂಧ?" ಮುನಿಸ್ವಾಮಪ್ಪ ಮಗನ ತೋಳಿಗೆ ಕೈ ಹಾಕಿದ. ಸೀನಪ್ಪ ಕೊಡವಿಕೊಂಡ.

"ಸುಬ್ಬರಾಯಪ್ಪ ನನ್ನ ಸಾಕಿದ ಸೋದರಮಾವ," ಎಂದಳು ಗಂಗರತ್ನಮ್ಮ. "ಎರಡು ವರ್ಷದಿಂದ ನೀವು ತಿಂತಿರೋದು ಆಂಜನಪ್ಪನ ಮಗಳ ಕೈ ಮುದ್ದೆ, ಮಾವ."