ಅಮಲ್ದಾರರ ಕುದುರೆ

ರಾಗಿಯನ್ನು ಕೇಳುವವರೇ ಇಲ್ಲದ ಆ ಮುಗ್ಗಟ್ಟಿನ ಕಾಲದಲ್ಲೂ ಅಮಲ್ದಾರರು ಕಂದಾಯ ಏರಿಸಿದರು. ಕಟ್ಟದವರ ಪಾತ್ರೆ ಪಡಗ ಜಪ್ತಿ ಮಾಡಿ ಹರಾಜಿಗಿಟ್ಟರು. ನಮ್ಮೂರಿನವರು ಒಟ್ಟಾಗಿ ಮಾರಮ್ಮನ ಮುಂದೆ ಕರ್ಪೂರ ಆರಿಸಿ ಪ್ರಮಾಣ ಮಾಡಿದರು: ಜಪ್ತಿ ಮಾಲನ್ನು ಯಾರೂ ಹರಾಜು ಕೂಗಬಾರದು, ಕೂಗಿದವರ ಕಣ್ಣು ಹೋಗಲಿ.

ಆಮೇಲೆ ಕೋರ್ಟಿಗೂ ಹೋಗಿ ಗೆದ್ದರು. ವಸೂಲು ಮಾಡಿದ ಹೆಚ್ಚಿನ ಕಂದಾಯವನ್ನು ಕೋರ್ಟು ಹೇಳಿದರೂ ಅಮಲ್ದಾರರು ವಾಪಸು ಕೊಡಲಿಲ್ಲ. ಕೋರ್ಟು ಅವರ ಕುದುರೆಯನ್ನೇ ಜಪ್ತಿ ಮಾಡಿಸಿ, ನಮ್ಮೂರ ಅರಳಿಕಟ್ಟೆಯ ಮುಂದೆ ಹರಾಜಿಗೆ ನಿಲ್ಲಿಸಿತು.

"ಕೂಗ್ರಪ್ಪಾ ಯಾರಾದ್ರೂ!" ಎಂದ ಕೋರ್ಟಿನ ಅಮೀನ.

ಊರಿಗೆ ಊರೇ ಬಾಯಿ ಮುಚ್ಚಿಕೊಂಡು ನಿಂತಿತ್ತು.

"ಇದು ನಮ್ಮ ಮಾಲಲ್ವಲ್ಲ, ಸಾಹೇಬರದು. ಕೂಗಿದ್ರೆ ಏನಾಯ್ತದೆ?" ಎಂದು ಚಿಕ್ಕತಮ್ಮಯ್ಯ ಪಿಸುಗುಟ್ಟಿದ.

"ಕಣ್ಣು ಹೋಯ್ತವೆ. ಜಪ್ತಿ ಮಾಲು ಅಂದ್ರೆ ಜಪ್ತಿ ಮಾಲೇ. ಸುಮ್ಕಿರ್ಲಾ!" ಎಂದ ಮುಖಂಡ ದೊಡ್ಡೀರಯ್ಯ.

ಕುದುರೆಯ ಪಕ್ಕದಲ್ಲೇ ನಿಂತಿದ್ದ ಅಮಲ್ದಾರರು ಮೆಲ್ಲಗೆ ಕೈ ಎತ್ತಿದರು. "ಒಂದಾಣೆ."

"ಒಂದಾಣೆ ಒಂದು ಸಾರಿ, ಎರಡು ಸಾರಿ, ಮೂರು ಸಾರಿ!"

ಅಮಲ್ದಾರರು ಕೋಟಿನ ಜೇಬನ್ನೆಲ್ಲ ತಡಕಿ, ದೊಡ್ಡೀರಯ್ಯನ ಕಡೆ ತಿರುಗಿದರು.

"ಯಜಮಾನ್ರೇ, ಒಂದಾಣೆ ಇದ್ರೆ ಕೊಡಿ. ಮುಂದಿನ ಕಂದಾಯದಲ್ಲಿ ಮುರ್ಕೊಳ್ಳಿ."