ಹಸಿರು ಚೀಟಿ

ತರಬೇತಿ ಕೊಡಲು ಬಂದಿದ್ದ ಮೇಡಂ ಅವಳ ಎದೆಗೆ ಹಸಿರು ಚೀಟಿ ಅಂಟಿಸಿ, "ಇವರು ಸಮಾಧಾನಿ! ನಾಲ್ಕು ಸ್ವಭಾವಗಳಲ್ಲಿ ಇದು ಅಪರೂಪ. ಇಂಥವರಿದ್ದ ಕಡೆ ಜಗಳವೇ ಹುಟ್ಟಲ್ಲ," ಎಂದರು. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವ ಆ ಕಂಪನಿಯ ಇಪ್ಪತ್ತು ಮಂದಿಯೂ ಚಪ್ಪಾಳೆ ತಟ್ಟಿದರು. "ಈಯಮ್ಮನಿಗೆ ಬಾಯಿಗೆ ಬೆರಳಿಟ್ಟರೆ ಕಚ್ಚೋಕೂ ಬರಲ್ಲ ಬಿಡಿ," ಎಂದ ಮೇಸ್ತ್ರಿ.

ಅವಳು ಸ್ವಭಾವ ಪರೀಕ್ಷೆಯ ತನ್ನ ಉತ್ತರದ ಹಾಳೆ ನೋಡಿದಳು. "ಎದುರಿನವರಿಗೆ ಬೇಸರವಾಗುವುದಾದರೆ ಗೊತ್ತಿದ್ದ ಮಾತನ್ನೂ ನುಂಗಿಕೊಳ್ಳುತ್ತೀರಾ?" ಅದರೆದುರು "ಯಾವಾಗಲೂ" ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದು ಅವಳೇ. ಹೋದ ತಿಂಗಳು ಹಗ್ಗಗಳ ತಪಾಸಣೆ ಪುಸ್ತಕದಲ್ಲಿ ಮೇಸ್ತ್ರಿಯ ಸಹಿಯ ಕೆಳಗೆ, ಸುರಕ್ಷತೆ ನೋಡಿಕೊಳ್ಳುವವಳಾಗಿ ಎರಡನೇ ಸಹಿ ಹಾಕಿದ್ದೂ ಅವಳೇ. ಕೆಲಸಗಾರರು ನಿಲ್ಲುವ ತೂಗುತೊಟ್ಟಿಲಿನ ಉಕ್ಕಿನ ಹಗ್ಗದಲ್ಲಿ ಎಳೆಗಳು ಕಡಿದಿದ್ದನ್ನು ಕಣ್ಣಾರೆ ಕಂಡಿದ್ದಳು. "ಹಾಕಮ್ಮ, ಮುಂದಿನ ವಾರ ಬದಲಾಯಿಸೋಣ," ಎಂದಿದ್ದ ಮೇಸ್ತ್ರಿ. ಹಿರಿಯರ ಜೊತೆ ಮಾತು ಬೆಳೆಸುವುದೇಕೆ ಎಂದು ಹಾಕಿಬಿಟ್ಟಿದ್ದಳು. ನಾಲ್ಕನೇ ದಿನ ಹಗ್ಗ ಹರಿದು ಒಬ್ಬ ಪೇಂಟರ್ ಹನ್ನೊಂದನೇ ಮಹಡಿಯಿಂದ ಬಿದ್ದು ಸತ್ತ. ಗಡಿಬಿಡಿಯಲ್ಲಿ ಆದ ತಪ್ಪು ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಗಡಿಬಿಡಿಯಲ್ಲ, ಅವಳು ಇರುವುದೇ ಹಾಗೆ.

"ಒಂದು ಉದಾಹರಣೆ ಹೇಳಿ, ನೀವು ಹೀಗೆ ಸುಮ್ಮನಾಗಿದ್ದು ಯಾವಾಗ?" ಎಂದು ಮೇಡಂ ಕೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ, ಸತ್ತವನ ಅಣ್ಣ ಹಿಂತಿರುಗಿ ನೋಡಿ, "ಹೇಳಕ್ಕ, ಹೆದರ್ಬೇಡ," ಎಂದು ನಕ್ಕ. ಅವಳು ಮೇಸ್ತ್ರಿಯ ಕಡೆ ನೋಡಿದಳು. ಮೇಸ್ತ್ರಿ ನೆಲ ನೋಡುತ್ತಿದ್ದ.

"ಏನೂ ನೆನಪಾಗ್ತಿಲ್ಲ ಮೇಡಂ," ಎಂದು ಅವಳು ಎದೆಯ ಮೇಲೆ ಬಿಟ್ಟುಕೊಳ್ಳುತ್ತಿದ್ದ ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿಕೊಂಡಳು.