ನಾಲ್ಕನೆಯ ತೂಕ

ಬೆಳಿಗ್ಗೆಯಿಂದ ಮೂರು ಕಡೆ ತೂಕ ನೋಡಿಕೊಂಡಿದ್ದ ನಿಖಿತಾ ನಾಲ್ಕನೆಯ ಸಲಕ್ಕೆ ರೇವಣ್ಣನ ಬೆಲ್ಲದ ಮಂಡಿಗೆ ಬಂದು, ಚಪ್ಪಲಿ ಬಿಟ್ಟು, ತೂಕದ ಮೆಷಿನ್ನಿನ ಮೇಲೆ ನಿಂತಳು. ಮೂಟೆಗಳನ್ನು ಇಳಿಸಿಕೊಂಡು ಸಾಲಾಗಿ ಕಾಯುತ್ತಿದ್ದ ರೈತರು ಸರಿದು ಜಾಗ ಬಿಟ್ಟರು. ಅವರಿಗೆ ಇದು ಹೊಸದಲ್ಲ. ಎರಡು ತಿಂಗಳಿಂದ ಪ್ರತಿ ಸೋಮವಾರ ಈ ಬಾಕ್ಸಿಂಗ್ ಹುಡುಗಿ ಹೀಗೆಯೇ ಬಂದು, ನಿಂತು, ಹೋಗುತ್ತಿದ್ದಳು. ಕೆಂಪು ಅಂಕಿಗಳು ಮಿನುಗಿ ನಿಂತವು. ಐವತ್ತನಾಲ್ಕು.

ಮಂಡ್ಯ ರೈಲ್ವೆ ಸ್ಟೇಷನ್ನಿನ ಮೆಷಿನ್ನು ಐವತ್ತಾರು ಎಂದಿತ್ತು. ಗುತ್ತಲಿನ ರೇಷನ್ ಅಂಗಡಿಯದೂ ಐವತ್ತಾರು. ಆಸ್ಪತ್ರೆಯ ನರ್ಸು ಎರಡು ಸಲ ನೋಡಿ ಐವತ್ತಾರೇ ಎಂದಿದ್ದರು. ಮೊನ್ನೆ ಬೆಂಗಳೂರಿನಲ್ಲಿ, ಪಂದ್ಯದ ಹಿಂದಿನ ದಿನ, ತೂಕ ನೋಡುವ ಅಧಿಕಾರಿ ಅದೇ ಅಂಕಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಎರಡು ಸಲ ಕೂಗಿದ್ದ. ಒಪ್ಪಂದವಾಗಿದ್ದುದು ಐವತ್ತನಾಲ್ಕಕ್ಕೆ. ಎರಡು ಗಂಟೆ ಸಮಯ ಕೊಟ್ಟರು. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಓಡಿದರೂ ಇಳಿದದ್ದು ಅರ್ಧ ಕೆ.ಜಿ. ಪಂದ್ಯ ರದ್ದಾಯಿತು. ತಪ್ಪು ತನ್ನದೇ ಇರಬೇಕೆಂದು ವಾಪಸು ಬರುವಾಗ ಬಸ್ಸಿನಲ್ಲಿ ತಿಂದದ್ದನ್ನೆಲ್ಲ ನೆನೆಸಿಕೊಂಡಳು. ಹೊತ್ತಿಗೆ ಅರ್ಧ ಮುದ್ದೆ, ಸೊಪ್ಪಿನ ಸಾರು, ದಿನಕ್ಕೊಂದು ಮೊಟ್ಟೆ. ಮದ್ದೂರು ದಾಟಿದರೂ ಎರಡು ಕೆ.ಜಿ. ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಅದನ್ನು ಹುಡುಕಿಯೇ ಇವತ್ತು ಹೊರಟಿದ್ದಳು.

ಮಂಡಿಯ ಸಾಹುಕಾರ ರೇವಣ್ಣನೇ ಅವಳ ಮ್ಯಾನೇಜರ್. ಗ್ಲೌಸು, ಲೈಸೆನ್ಸು, ಬಸ್ ಚಾರ್ಜು ಎಲ್ಲ ಅವನದು. ತೀರ್ಮಾನಗಳೂ ಅವನವೇ. ಚಿಕ್ಕವರ ಮೇಲೆ ಬಿಟ್ಟರೆ ಗೆಲ್ಲುವುದು ಸಲೀಸು ಎಂದು ಐವತ್ತೇಳು ಕೆ.ಜಿ. ಪಂದ್ಯಗಳಿಂದ ಅವಳನ್ನು ಐವತ್ತನಾಲ್ಕಕ್ಕೆ ಇಳಿಸಿದವನು ಅವನು. ಬೇಡ ಎಂದ ಕೋಚನ್ನು ಬಿಡಿಸಿ ಕಳಿಸಿದವನೂ ಅವನೇ. ಜಿಮ್ಮಿಗೊಂದು ತೂಕದ ಮೆಷಿನ್ ತರೋಣ ಎಂದಾಗ ನಕ್ಕುಬಿಟ್ಟಿದ್ದ. ಊರ ಬೆಲ್ಲವನ್ನೆಲ್ಲ ತೂಗುವ ಮೆಷಿನ್ ತನ್ನ ಹತ್ತಿರವೇ ಇರುವಾಗ ಇನ್ನೊಂದು ಯಾಕೆ ಎಂದಿದ್ದ.

"ಅಣ್ಣ, ಪಂದ್ಯ ನಡ್ಸೋರು ಶನಿವಾರದೊಳ್ಗೆ ಒಂದು ಕಾಗ್ದ ಕೇಳವ್ರೆ," ಎಂದಳು ಮೆಷಿನ್ನಿನ ಮೇಲಿಂದಲೇ. "ತಪ್ಪು ನನ್ದಲ್ಲ ಅಂತ ಮ್ಯಾನೇಜರ್ ಬರ್ಕೊಟ್ರೆ ಇನ್ನೊಂದು ಪಂದ್ಯ ಕೊಡ್ತಾರಂತೆ. ಇಲ್ದಿದ್ರೆ ಒಂದ್ವರ್ಸ ರಿಂಗಿಗೇ ಅತ್ಸಾಕಿಲ್ವಂತೆ."

"ಏನಂತ ಬರೀಬೇಕು?"

"ನಮ್ಮ ಮಂಡಿ ಮೆಷಿನ್ನು ಐವತ್ತಾರ್ಕೆ ಎರಡು ಕೆ.ಜಿ. ಕಮ್ಮಿ ತೋರುಸ್ತದೆ ಅಂತ. ಅಷ್ಟೇಯ."

ಅವಳು ಯಾವ ಕುಹಕವೂ ಇಲ್ಲದೆ, ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಆದರೆ ಸಾಲಿನಲ್ಲಿ ಮಾತು ನಿಂತುಹೋಯಿತು. ಮೂಟೆ ಎತ್ತಲು ಬಗ್ಗಿದ್ದ ಹಮಾಲಿ ಬಗ್ಗಿದಂತೆಯೇ ತಲೆಯೆತ್ತಿ ನೋಡಿದ. ರೇವಣ್ಣ ಅವಳನ್ನು ನೋಡಲಿಲ್ಲ, ಸಾಲನ್ನು ನೋಡಿದ.

"ದಾರೀಲಿ ವಡೆ ಗಿಡೆ ತಿಂದಿರ್ತೀಯ ಕಣಮ್ಮ."

"ಎರಡು ಕೆ.ಜಿ. ವಡೆನಾ ಸಾವ್ಕಾರ್ರೆ?" ಎಂದರು ಸಾಲಿನಿಂದ ಯಾರೋ. ಯಾರೂ ನಗಲಿಲ್ಲ.

ರೇವಣ್ಣ ಅವಳನ್ನು ಒಳಗೆ ಗಾದಿಯ ಹತ್ತಿರ ಕರೆದುಕೊಂಡು ಹೋದ. ದನಿ ತಗ್ಗಿಸಿ, ಮುಂದಿನ ತಿಂಗಳು ಮೈಸೂರಿನಲ್ಲಿ ಐವತ್ತೇಳರದ್ದೇ ಪಂದ್ಯ ಗೊತ್ತುಮಾಡುತ್ತೇನೆ ಎಂದ. ಹಳೆಯ ಕೋಚನ್ನು ನಾಳೆಯೇ ಕರೆಸುತ್ತೇನೆ ಎಂದ. ನಿನಗೆ ಹುಷಾರಿರಲಿಲ್ಲ ಎಂದು ಬೇಕಾದರೆ ಕಾಗದ ಬರೆಯೋಣ, ಮೆಷಿನ್ನಿನ ಸುದ್ದಿ ಮಾತ್ರ ಬೇಡ. ನಿಖಿತಾ ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೆ ಬೇಕಾಗಿದ್ದುದೆಲ್ಲ ಆ ಮಾತಿನಲ್ಲಿತ್ತು. ಆದರೂ ಬೆಳಿಗ್ಗೆಯಿಂದ ತಲೆಯಲ್ಲಿ ಕೊರೆಯುತ್ತಿದ್ದ ಒಂದು ವಿಷಯ ಕೇಳದೆ ಇರಲಾಗಲಿಲ್ಲ.

"ಮೆಷಿನ್ನು ಇಂಗದೆ ಅಂತ ನಿಮ್ಗೆ ಗೊತ್ತಿತ್ತಲ್ವಾ ಅಣ್ಣ? ಮತ್ತೆ ಇದ್ರಲ್ಲೇ ಯಾಕೆ ನನ್ನ ತೂಗುದ್ರಿ?"

ರೇವಣ್ಣನ ಮುಖದಲ್ಲಿ ಇದ್ದದ್ದು ಕೋಪವಲ್ಲ. ತನಗೇ ಆಶ್ಚರ್ಯವಾದವನ ಹಾಗೆ ಕಾಣುತ್ತಿದ್ದ.

"ಅದ್ನ ಇಂಗೆ ಮಾಡ್ಸಿ ಅನ್ನೆಲ್ಡು ವರ್ಸ ಆಯ್ತು ಕಣಮ್ಮ," ಎಂದ. "ಮರ್ತೇ ಓಗಿತ್ತು."

ಅಷ್ಟರಲ್ಲಿ ಹೊರಗಿನಿಂದ ಕೂಗು ಬಂತು. ಬೆಸಗರಹಳ್ಳಿಯ ದೊಡ್ಡಸಿದ್ದಯ್ಯ, ಸಾಲಿನಲ್ಲಿ ಎಲ್ಲರಿಗಿಂತ ಮುಂದಿದ್ದ ಮುದುಕ, ಹೆಗಲ ಟವೆಲನ್ನು ಮೂಟೆಯ ಮೇಲೆ ಮಡಿಸಿಟ್ಟು, ಚಪ್ಪಲಿ ಬಿಟ್ಟು, ಮೆಷಿನ್ನಿನ ಮೇಲೆ ನೆಟ್ಟಗೆ ನಿಂತಿದ್ದ.

"ಮಗ, ಬಾ ಇಲ್ಲಿ. ಕಣ್ಣು ಸರ್ಯಾಗಿ ಕಾಣಾಕಿಲ್ಲ ನಂಗೆ. ನೆನ್ನೆ ಆಸ್ಪತ್ರೇಲಿ ಅರವತ್ತೆಲ್ಡು ಅಂದ್ರು. ಇದ್ರಲ್ಲಿ ಎಸ್ಟದೆ, ವಸಿ ಓದು."

"ನಿಖಿತಾ," ಎಂದ ರೇವಣ್ಣ ಹಿಂದಿನಿಂದ. ಹೆಸರೊಂದನ್ನೇ.

ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಮೈಸೂರಿನ ಪಂದ್ಯ ಇನ್ನೂ ಅವಳ ಬೆನ್ನ ಹಿಂದೆಯೇ, ಗಾದಿಯ ಮೇಲೆ ಕೂತಿತ್ತು. ತಿರುಗಿದರೆ ಸಿಗುವಷ್ಟು ಹತ್ತಿರ. ಆಮೇಲೆ ಹೋಗಿ ಮೆಷಿನ್ನಿನ ಎದುರು ನಿಂತು, ಬೆಂಗಳೂರಿನ ಆ ಅಧಿಕಾರಿ ಮಾಡಿದ ಹಾಗೆಯೇ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಐವತ್ತೊಂಬತ್ತು ಮುಕ್ಕಾಲು," ಎಂದು ಕೂಗಿದಳು. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಕೂಗಿದಳು.

ದೊಡ್ಡಸಿದ್ದಯ್ಯ ಕೆಳಗಿಳಿದ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಬಿಡತೊಡಗಿದರು.